ಫೋರ್ಸ್ ಆಫ್ ಈವಿಲ್

ಫೋರ್ಸ್ ಆಫ್ ಈವಿಲ್ 1948ರಲ್ಲಿ ತೆರೆಕಂಡ ಅಮೆರಿಕದ ಕಪ್ಪು-ಬಿಳುಪು ಚಲನಚಿತ್ರ. ಫಿಲ್ಮ್ ನ್ವಾರ್ ಪ್ರಕಾರದ ಈ ಚಿತ್ರ ಏಬ್ರಹಾಂ ಪೊಲೊನ್‌ಸ್ಕಿ ಅವರ ಮೊದಲ ನಿರ್ದೇಶನ. ಐರಾ ವುಲ್ಫರ್ಟ್ ಅವರ 'ಟಕರ್ಸ್ ಪೀಪಲ್' ಕಾದಂಬರಿಯನ್ನು ಆಧರಿಸಿದೆ.

ಕಥಾವಸ್ತು

ಕರ್ನಾಟಕದ ಓಸಿ ಮಟ್ಕಾದಂತೆ ಅಂಕಿಗಳ ಮೇಲೆ ಚಿಲ್ಲರೆ ಹಣ ಕಟ್ಟುವ ನ್ಯೂಯಾರ್ಕಿನ ಅಕ್ರಮ ಜೂಜು ಚಿತ್ರದ ವಸ್ತು. ಜುಲೈ 4ರ ಸ್ವಾತಂತ್ರ್ಯ ದಿನದಂದು ಬಹುತೇಕರು 776ಕ್ಕೆ ಹಣ ಕಟ್ಟುತ್ತಾರೆ. ಅದೇ ಅಂಕಿ ಬಂದರೆ ಗೆದ್ದವರಿಗೆ ಹಣ ಕೊಡಲಾಗದೆ ಸಣ್ಣ ಜೂಜುಕಟ್ಟೆಗಳು ದಿವಾಳಿಯಾಗುತ್ತವೆ. ಆಗ ಅವುಗಳನ್ನು ವಶಪಡಿಸಿಕೊಳ್ಳಲು ದಂಧೆಯ ದೊರೆ ಟಕರ್ ಹಾಗೂ ಅವನ ವಕೀಲ ಜೋ ಮೋರ್ಸ್ (ಜಾನ್ ಗಾರ್‌ಫೀಲ್ಡ್) ಸಂಚು ಹೂಡುತ್ತಾರೆ. ಅಂಥ ಒಂದು ಕಟ್ಟೆಯನ್ನು ನಡೆಸುವವನು ಜೋನ ಅಣ್ಣ ಲಿಯೋ (ಥಾಮಸ್ ಗೋಮೆಜ್). ತಮ್ಮನ ದುರಾಸೆ ಕೊನೆಗೆ ಅಣ್ಣನ ಸಾವಿಗೆ ಕಾರಣವಾಗುತ್ತದೆ.

ನಂತರದ ಬೆಳವಣಿಗೆ

1951ರಲ್ಲಿ ಹಾಲಿವುಡ್ ಪೊಲೊನ್‌ಸ್ಕಿ ಅವರನ್ನು ಕಪ್ಪುಪಟ್ಟಿಗೆ ಸೇರಿಸಿತು. ಅವರ ನಿರ್ದೇಶನದ ಮುಂದಿನ ಚಿತ್ರ ತೆರೆಕಂಡದ್ದು 1969ರಲ್ಲಿ. ಫೋರ್ಸ್ ಆಫ್ ಈವಿಲ್ 1994ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು.