ಮರಳಿ ಬಂದ ರಮಾಬಾಯಿ



ಸೆಪ್ಟೆಂಬರ್ 21 ಸಂತ ಮತ್ತಾಯರ ಹಬ್ಬ. 29 ಮಹಾದೂತರ ಹಬ್ಬ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯ ಫಲಕ ಕಂಡಾಗಲೆಲ್ಲ ನನಗೆ ಮತ್ತಾಯರ ನೆನಪಾಗುತ್ತದೆ. ಅವರು ಸುಂಕದಕಟ್ಟೆ ಬಿಟ್ಟು ಯೇಸುಸ್ವಾಮಿಯನ್ನು ಹಿಂಬಾಲಿಸಿದ ಮೇಲೆ ಮೊದಲು ಮಾಡಿದ ಕೆಲಸ ಒಂದು ಔತಣ. ಅದಕ್ಕೆ ಬಂದವರು ಅವರ ಹಳೆಯ ಸುಂಕದ ಗೆಳೆಯರೇ.

ಹೊಸದಾಗಿ ದೀಕ್ಷಾಸ್ನಾನ ಪಡೆದವರು ಕೇಳುವುದುಂಟು: "ಫಾದರ್, ಗೌರಿಹಬ್ಬಕ್ಕೆ ಹಳೇ ಸ್ನೇಹಿತರು ಕರೆದಿದ್ದಾರೆ, ಹೋಗಬಹುದಾ?" ಕಾಮಾಕ್ಷಿಪಾಳ್ಯದ ವಠಾರಗಳಲ್ಲಿ ಒಂದೇ ಗೋಡೆಯ ಆಚೆ ಈಚೆ ಬಾಳುವವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಆಗ ನನಗೆ ನೆನಪಾಗುವವರು ಮಹಾದೂತರ ಹಬ್ಬದಂದೇ ದೀಕ್ಷಾಸ್ನಾನ ಪಡೆದ ನಮ್ಮ ನಾಡಿನ ಮಗಳು, ಪಂಡಿತಾ ರಮಾಬಾಯಿ.

ಅವರು ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡವರು. ತಂದೆತಾಯಿ ಕ್ಷಾಮಕ್ಕೆ ತುತ್ತಾದರು. 1882ರಲ್ಲಿ ಗಂಡನನ್ನೂ ಕಳೆದುಕೊಂಡು ಎಳೆಯ ಮಗಳೊಡನೆ ಪುಣೆಗೆ ಬಂದಾಗ ರಾನಡೆ ದಂಪತಿಗಳು, ಸಂಸ್ಕೃತ ವಿದ್ವಾಂಸ ಭಂಡಾರ್ಕರ್ ಮೊದಲಾದವರು ಆಪ್ತರಾದರು. ರಾನಡೆಯವರ ಪತ್ನಿಯ ಹೆಸರೂ ರಮಾಬಾಯಿ. ಇಬ್ಬರು ರಮಾಬಾಯಿಯರೂ ಒಟ್ಟಿಗೆ ಇಂಗ್ಲಿಷ್ ಕಲಿತರು.

ಮರುವರ್ಷ ಇಂಗ್ಲೆಂಡಿಗೆ ಹೋದ ಪಂಡಿತಾ, 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳು ಮನೋರಮಾಳೊಂದಿಗೆ ದೀಕ್ಷಾಸ್ನಾನ ಪಡೆದರು. (ಅದು ಆಂಗ್ಲಿಕನ್ ಸಭೆ, ನಮ್ಮ ಕಥೋಲಿಕ ಸಭೆಯಲ್ಲ. ಆದರೂ ಅವರಿಂದ ಕಲಿಯಲು ನಮಗೆ ಅಡ್ಡಿಯೇನು?) ಅಲ್ಲಿಯೂ ಅವರು ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಪದಗಳೇಕೆ, ಸಂಸ್ಕೃತ ಇರಲಿ ಎಂದು ಕನ್ಯಾಸ್ತ್ರೀಯರೊಡನೆ ವಾದಿಸಿದರು.

ಅಮೆರಿಕವನ್ನೂ ಸುತ್ತಿ 1889ರಲ್ಲಿ ಮುಂಬಯಿಗೆ ಮರಳಿದವರು ಬಾಲವಿಧವೆಯರಿಗಾಗಿ 'ಶಾರದಾ ಸದನ' ತೆರೆದರು. ಹಳೆಯ ಗೆಳೆಯರನ್ನು ಬಿಟ್ಟು ತೆರೆಯಲಿಲ್ಲ. ರಾನಡೆ, ಭಂಡಾರ್ಕರ್ ಸಲಹಾ ಸಮಿತಿಗೆ ಬಂದರು. ಹುಡುಗಿಯರು ತಮ್ಮ ಆಚಾರ, ತಮ್ಮ ಅಡುಗೆಯ ಮಡಿ ಉಳಿಸಿಕೊಳ್ಳಲು ಅಡ್ಡಿಯಿರಲಿಲ್ಲ. ಯಾರನ್ನೂ ಮತಾಂತರಿಸುವುದಿಲ್ಲವೆಂಬುದು ಕರಾರು.

ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತರು. ಸದನವು ಪುಣೆಗೆ ಬಂದ ಮೇಲೆ ಇದೇ ದೊಡ್ಡ ಗದ್ದಲವಾಯಿತು. ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಇಬ್ಬರೂ ಸಮಿತಿಯಿಂದ ಹೊರನಡೆದರು. ಅನೇಕ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಗೆಳೆಯರನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ಅವರನ್ನು ನಂಬಿ ಮಕ್ಕಳನ್ನು ಕಳಿಸಿದ್ದ ಮನೆಗಳಿಗೆ ಅವರೇ ಉತ್ತರ ಹೇಳಬೇಕಿತ್ತು. ರಮಾಬಾಯಿಯಾದರೂ ಏನು ಮಾಡಬೇಕಿತ್ತು? ಸ್ನೇಹ ಉಳಿಸಿಕೊಳ್ಳಲು ಬಾಗಿಲು ಮುಚ್ಚಿ, ಕದ್ದು ಪ್ರಾರ್ಥಿಸುವುದೇ? ಹಳೆಯ ಗೆಳೆಯರ ಬಳಿಗೆ ಹೋಗುವವರು ತಾವು ಯಾರೆಂಬುದನ್ನು ಮರೆಮಾಚಿ ಹೋದರೆ ಅಲ್ಲಿ ಕೂರುವುದು ಹಳೆಯ ಗೆಳೆಯನೂ ಅಲ್ಲ, ಹೊಸ ಕ್ರೈಸ್ತನೂ ಅಲ್ಲ. ಗೌರಿಹಬ್ಬದ ಪ್ರಶ್ನೆಗೆ ನಾನು ಹೇಳುವುದೂ ಇಷ್ಟೇ: ಹೋಗಿ, ಜೊತೆಗೆ ಕೂತು ಊಟ ಮಾಡಿ. ಪೂಜೆಗೆ ಕರೆದರೆ, ನನ್ನ ಪ್ರಾರ್ಥನೆ ಬೇರೆ ಎಂದು ನಗುತ್ತಲೇ ಹೇಳಿ. ಕ್ರಿಸ್‌ಮಸ್‌ಗೆ ಅವರನ್ನೂ ಕರೆಯಿರಿ.

ಶಾರದಾ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು ಗೋದೂಬಾಯಿ ಎಂಬ ಬಾಲವಿಧವೆ. ರಮಾಬಾಯಿಯ ಜೊತೆಯಲ್ಲೇ ವರ್ಷಗಟ್ಟಲೆ ಇದ್ದರೂ ಅವರು ಹಿಂದೂವಾಗಿಯೇ ಉಳಿದರು. ಆ ಗದ್ದಲದ 1893ರಲ್ಲೇ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದರು. ಮೂರು ವರ್ಷಗಳ ನಂತರ ಕರ್ವೆಯವರೂ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು.