ನುಸಿ ಗುಳಿಗೆ: ವಾಸನೆ ಬರದಿದ್ದರೆ ಅಪಾಯವಿಲ್ಲವೇ?

ಸುಗ್ಗಿ ಮುಗಿದ ಮೇಲೆ ಹಾವೇರಿ, ರಾಣೆಬೆನ್ನೂರು ಕಡೆಯ ಮನೆಗಳಲ್ಲಿ ಗೋವಿನಜೋಳದ ಚೀಲಗಳು ಪಡಸಾಲೆಯಲ್ಲೇ ಇರುವುದುಂಟು. ನುಸಿ ಕಂಡರೆ ಗುಳಿಗೆ ನೆನಪಾಗುತ್ತದೆ. ‘ಮೇಲೆ ತಾಡಪತ್ರಿ ಹೊದಿಸಿ, ವಾಸನೆ ಬರದಿದ್ದರೆ ಅಪಾಯವಿಲ್ಲ’ ಎಂಬ ಸಲಹೆ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಅದು ತಪ್ಪು.

ಈ ಗುಳಿಗೆಯಲ್ಲಿರುವುದು ಅಲ್ಯೂಮಿನಿಯಂ ಫಾಸ್ಫೈಡ್. ಅದರ ಹತ್ತಿರದ ನೆಂಟ ಅಲ್ಯೂಮಿನಿಯಂ ನೈಟ್ರೈಡ್. ಆವರ್ತಕೋಷ್ಟಕದಲ್ಲಿ ಸಾರಜನಕದ ಕೆಳಗಿನ ಮನೆಯೇ ರಂಜಕದ್ದು. ಎರಡರಲ್ಲೂ ಪ್ರತಿ ಅಲ್ಯೂಮಿನಿಯಂ ಪರಮಾಣುವಿನ ಸುತ್ತ ನಾಲ್ಕು ಜೊತೆಗಾರರು. ಹರಳಿನ ಜೋಡಣೆ ಮಾತ್ರ ನೈಟ್ರೈಡಿನಲ್ಲಿ ಷಟ್ಕೋನದ್ದು, ಫಾಸ್ಫೈಡಿನಲ್ಲಿ ಘನಾಕೃತಿಯದ್ದು. ಅಲ್ಯೂಮಿನಿಯಂ ಪುಡಿಯನ್ನು ಸಾರಜನಕ ಅನಿಲದಲ್ಲಿ ಚೆನ್ನಾಗಿ ಕಾಯಿಸಿದರೆ ನೈಟ್ರೈಡ್, ರಂಜಕದೊಡನೆ ಸೇರಿಸಿದರೆ ಫಾಸ್ಫೈಡ್. (ನೈಟ್ರೈಡಿನ ತೆಳು ಪದರ ಅನೇಕ ಮೊಬೈಲುಗಳೊಳಗೆ ಸಿಗ್ನಲ್ ಸೋಸುವ ಕೆಲಸ ಮಾಡುತ್ತದೆ. ಅದಕ್ಕೆ ಹೆದರಬೇಕಿಲ್ಲ.)

ಫರಕು ಗೊತ್ತಾಗುವುದು ತೇವ ತಗುಲಿದಾಗ. ನೈಟ್ರೈಡ್ ಪುಡಿ ನೀರಿನೊಡನೆ ನಿಧಾನವಾಗಿ ಅಮೋನಿಯಾ ಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಇಡುವಂಥ ಕೋಲ್ಡ್ ಸ್ಟೋರೇಜ್‌ಗಳಲ್ಲಿ ತಂಪು ಮಾಡಲು ಸಾಮಾನ್ಯವಾಗಿ ಬಳಸುವ ಅನಿಲವೂ ಇದೇ. ತುಸು ಸೋರಿದರೂ ಕಣ್ಣು, ಮೂಗು ಉರಿದು ಜನ ಹೊರಗೆ ಓಡುತ್ತಾರೆ. ಫಾಸ್ಫೈಡಿಗೆ ಗಾಳಿಯಲ್ಲಿನ ತೇವವೇ ಸಾಕು, ಫಾಸ್ಫೀನ್ ಹೊರಡುತ್ತದೆ. 3 ಗ್ರಾಂ ಗುಳಿಗೆಯಿಂದ ಸುಮಾರು 1 ಗ್ರಾಂ. ಇದು ದೇಹದ ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ಶುದ್ಧ ಫಾಸ್ಫೀನ್‌ಗೆ ವಾಸನೆಯೇ ಇಲ್ಲ. ಬೆಳ್ಳುಳ್ಳಿಯಂಥ ವಾಸನೆ ಕಲ್ಮಶಗಳದ್ದು. ಕಾಳು ಆ ಕಲ್ಮಶವನ್ನು ಹೀರಿಕೊಂಡು ವಾಸನೆ ಅಡಗಿದರೂ ಅನಿಲ ಅಲ್ಲೇ ಇರಬಹುದು.

ತಾಡಪತ್ರಿಯ ಸಂದಿಯಿಂದ, ಬಾಗಿಲ ಕೆಳಗಿನಿಂದ ಅದು ಪಕ್ಕದ ಕೋಣೆಗೂ ಹೋಗುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಪ್ರಯೋಜನವಿಲ್ಲ, ಫಾಸ್ಫೀನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಗುಳಿಗೆಯ ಮೇಲೆ ನೀರು ಸುರಿಯುವುದಂತೂ ಬೇಡವೇ ಬೇಡ: ಅನಿಲ ಒಮ್ಮೆಲೇ ಹೊರಟು ಬೆಂಕಿಯೂ ಹೊತ್ತಿಕೊಳ್ಳಬಹುದು.

ನಮ್ಮ ದೇಶದಲ್ಲಿ ಇದರ ಮಾರಾಟ, ಬಳಕೆಗೆ ನಿರ್ಬಂಧವಿದೆ; ತರಬೇತಿಯಾದವರು ಗೋದಾಮಿನಲ್ಲಿ ಬಳಸಬೇಕಾದದ್ದು, ಮಲಗುವ ಮನೆಯಲ್ಲಲ್ಲ. ಮನೆಮಟ್ಟಿಗೆ ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಒಳಪದರವಿರುವ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ನುಸಿ ಉಸಿರಿಲ್ಲದೆ ಸಾಯುತ್ತದೆ.

ಗುಳಿಗೆ ಇಟ್ಟ ಮನೆಯಲ್ಲಿ ತಲೆನೋವು, ವಾಂತಿ, ಎದೆ ಬಿಗಿತ, ಏದುಸಿರು ಶುರುವಾದರೆ ‘ಊಟದ್ದೇನೋ ದೋಷ’ ಎಂದು ಕಾಯಬೇಡಿ. ಎಲ್ಲರೂ ಬಯಲಿಗೆ ಬನ್ನಿ, 108ಕ್ಕೆ ಕರೆ ಮಾಡಿ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆದ್ದರಿಂದ ಕಾಳಿಗೆ ಗುಳಿಗೆ ಇಟ್ಟಿದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.