ನಿಂತ ಶ್ರುತಿ, ನಡೆವ ಮೇಳ

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಕೊಪ್ಪದ ಕಿವಿ ಒಂದೇ ಬಗೆಯ ನಾದಕ್ಕೆ ಒಗ್ಗಿದ್ದಲ್ಲ. ಕಾವೇರಿಯ ಆಚೆಗೆ ಕುಶಾಲನಗರ, ಕೊಡಗಿನ ವಾಲಗ. ಈಚೆಗೆ ಬೈಲುಕುಪ್ಪೆ, 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿರುವ ಟಿಬೆಟಿನ ಜನರ ಉದ್ದನೆಯ ಕಹಳೆಗಳು. ಇವುಗಳ ನಡುವೆ ನಮ್ಮ ಹಳ್ಳಿಗಳ ಪೌರಾಣಿಕ ನಾಟಕ, ಅದರ ಹಾರ್ಮೋನಿಯಂ ಮೇಷ್ಟ್ರು. ಈಗ ಈ ಸಾಲಿಗೆ ಇನ್ನೊಂದು ನಾದ ಸೇರಿದೆ. ಅನಿಮೆ ಎಂದು ಕರೆಯಲಾಗುವ ಜಪಾನಿನ ಚಿತ್ರಕಥಾಮಾಲೆಗಳ ಹಾಡುಗಳನ್ನು ನಮ್ಮ ಕಡೆಯ ತರುಣರು ಭಾಷೆ ತಿಳಿಯದೆಯೇ ಗುನುಗುತ್ತಾರೆ. ಅವುಗಳಲ್ಲಿ ಹಲವನ್ನು ಕೇಳಿದ ಮೇಲೆ ನನ್ನಲ್ಲಿ ಹುಟ್ಟಿದ ಪ್ರಶ್ನೆ ಇದು: ಹಾಡಿನ ಸ್ವರಗಳು ಎಷ್ಟೋ ವೇಳೆ ನಮ್ಮ ಮೋಹನ ರಾಗದವು; ಆದರೆ ಮನಸ್ಸಿಗೆ ಆಗುವ ಅನುಭವ ಮೋಹನದ್ದಲ್ಲ. ಸ್ವರಗಳು ಅವೇ ಆಗಿದ್ದರೆ ಬೇರೆಯಾದದ್ದು ಯಾವುದು? ಇದಕ್ಕೆ ಉತ್ತರ ಹುಡುಕುವವರು ಜಪಾನಿನ ಶಾಲೆಯ ಕೊಠಡಿಗೂ ಮೈಸೂರಿನ ಅರಮನೆಗೂ ಹೋಗಿ ಬರಬೇಕಾಗುತ್ತದೆ.

ಜಪಾನೀಯರಲ್ಲಿ 'ಯೋನಾನುಕಿ' ಎಂಬ ಸ್ವರಪಂಕ್ತಿಯಿದೆ. ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟದ್ದು ಎಂದು ಆ ಮಾತಿನ ಅರ್ಥ. ಮಧ್ಯಮ, ನಿಷಾದಗಳನ್ನು ಬಿಟ್ಟರೆ ಉಳಿಯುವುದು ಸ ರಿ ಗ ಪ ದ. ಅಂದರೆ ನಮ್ಮ ಮೋಹನ. ಈ ಪಂಕ್ತಿ ಆ ದೇಶದ ಹಾಡುಗಳಲ್ಲಿ ಬೇರೂರಿದ್ದರ ಹಿಂದೆ ಸರ್ಕಾರದ ಒಂದು ನಿರ್ಧಾರವಿದೆ. 1879ರಲ್ಲಿ ಜಪಾನಿನ ಶಿಕ್ಷಣ ಇಲಾಖೆ ಸಂಗೀತದ ಪರಿಶೀಲನೆಗೆಂದೇ ಒಂದು ಕಚೇರಿಯನ್ನು ತೆರೆದು ಇಸಾವಾ ಶೂಜಿ ಎಂಬುವರಿಗೆ ಒಪ್ಪಿಸಿತು. ಮರುವರ್ಷ ಅಮೆರಿಕದ ಬಾಸ್ಟನ್ನಿನಿಂದ ಲೂಥರ್ ವೈಟಿಂಗ್ ಮೇಸನ್ ಎಂಬ ಸಂಗೀತೋಪಾಧ್ಯಾಯರು ಅಲ್ಲಿಗೆ ಬಂದರು. ಇಬ್ಬರೂ ಸೇರಿ ಶಾಲಾಗೀತೆಗಳನ್ನು ಸಿದ್ಧಪಡಿಸಿದರು. 'ಆಲ್ಡ್ ಲ್ಯಾಂಗ್ ಸೈನ್' ಎಂಬ ಸ್ಕಾಟ್ಲೆಂಡಿನ ಹಳೆಯ ಮಟ್ಟು ಜಪಾನಿ ಮಾತುಗಳನ್ನು ತೊಟ್ಟು, ಮಿಂಚುಹುಳುಗಳ ಬೆಳಕಿನ ಹಾಡಾಗಿ ಮಕ್ಕಳ ಬಾಯಿಗೆ ಬಂತು. ಅದೂ ಐದು ಸ್ವರಗಳ ಮಟ್ಟೇ, ಆದ್ದರಿಂದ ಪರಕೀಯವೆನ್ನಿಸಲಿಲ್ಲ.

ಆದರೆ ಶಾಲೆಯೊಳಕ್ಕೆ ಬಂದದ್ದು ಮಟ್ಟು ಮಾತ್ರವಲ್ಲ. ಅದರೊಡನೆ ರೀಡ್ ಆರ್ಗನ್ ಎಂಬ ವಾದ್ಯವೂ ಬಂತು. 1887ರಲ್ಲಿ ಹಮಾಮಾತ್ಸು ಊರಿನ ಶಾಲೆಯೊಂದರ ಕೆಟ್ಟ ಆರ್ಗನ್ನನ್ನು ರಿಪೇರಿ ಮಾಡಿದ ಯಮಾಹಾ ತೊರಾಕುಸು ಎಂಬ ಕುಶಲಕರ್ಮಿ ಮುಂದೆ ತಾನೇ ಆರ್ಗನ್ ತಯಾರಿಸತೊಡಗಿದ. ಇಂದು ಲೋಕವೆಲ್ಲ ಬಲ್ಲ ಯಮಾಹಾ ಸಂಸ್ಥೆಯ ಮೂಲ ಅದು. ಇದೇ ವಾದ್ಯದ ಸಹೋದರ ನಮ್ಮ ಹಾರ್ಮೋನಿಯಂ. ಎರಡರಲ್ಲೂ ಲೋಹದ ರೀಡುಗಳು, ಎರಡಕ್ಕೂ ಗಾಳಿ ಬೇಕು. ಜಪಾನಿನ ಉಪಾಧ್ಯಾಯ ಕಾಲಿನಿಂದ ಗಾಳಿ ತುಂಬಿ ಎರಡು ಕೈಗಳನ್ನೂ ಸ್ವರಗಳ ಮೇಲಿಟ್ಟ. ನಮ್ಮವರು ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಎಡಗೈಯನ್ನು ಗಾಳಿಗೆ ಕೊಟ್ಟು, ಬಲಗೈಯೊಂದರಿಂದ ರಾಗವನ್ನು ಹಿಂಬಾಲಿಸಿದರು. ನಾಟಕದ ಕಾಲುಪೆಟ್ಟಿಗೆಯಲ್ಲಿ ಎರಡು ಕೈಗಳೂ ಬಿಡುವಾಗಿದ್ದರೂ ನಮ್ಮ ಮೇಷ್ಟ್ರು ನುಡಿಸಿದ್ದು ರಂಗಗೀತೆಯ ಮಟ್ಟನ್ನೇ. ಹೆಸರಿನಲ್ಲೇ ಹಾರ್ಮೊನಿಯನ್ನು ಹೊತ್ತ ವಾದ್ಯ ನಮ್ಮಲ್ಲಿ ಹಾರ್ಮೊನಿಯಿಲ್ಲದೆಯೇ ಬಾಳಿತು.

ಹಾರ್ಮೊನಿ ಎಂದರೇನು? ಸ್ವರಮೇಳ ಎಂದು ಅದನ್ನು ಕರೆಯೋಣ. ಒಂದೇ ಕಾಲಕ್ಕೆ ಹಲವು ಸ್ವರಗಳು ಕೂಡಿ ನುಡಿಯುವ ಗುಂಪು, ಅಂದರೆ ಕಾರ್ಡ್, ಅದಕ್ಕೆ ಸ್ವರಗುಚ್ಛ ಎಂಬ ಮಾತು ಒಪ್ಪುತ್ತದೆ. ಇದು ನಮಗೆ ತೀರ ಹೊರಗಿನದೂ ಅಲ್ಲ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ, ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳುತ್ತದೆ. ವಿದ್ವಾಂಸರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಷಡ್ಜ, ಗಾಂಧಾರ, ಪಂಚಮ ಮೂರೂ ಒಂದೇ ನಾದದೊಳಗೆ ಅಡಗಿವೆ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಗ್ಯುಮೆ ಎಂಬ ತಾಂತ್ರಿಕ ಮಠವಿದೆ. ಅತ್ಯಂತ ತಗ್ಗಿದ ದನಿಯ ಅಲ್ಲಿಯ ಮಂತ್ರಪಠಣದಲ್ಲಿ ಒಂದೇ ಕಂಠದಿಂದ ಎರಡು ಸ್ವರಗಳು ಹೊರಟಂತೆ ಭಾಸವಾಗುತ್ತದೆ. ಅದರ ಸೋದರ ಮಠವಾದ ಗ್ಯುತೋದ ಲಾಮಾಗಳ ಪಠಣವನ್ನು 1964ರಲ್ಲಿ ಧ್ವನಿಮುದ್ರಿಸಿಕೊಂಡ ಹ್ಯೂಸ್ಟನ್ ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು ಈ ನಾದರಹಸ್ಯವನ್ನು ವಿಜ್ಞಾನಿಗಳ ಮುಂದಿಟ್ಟರು. ಮೇಳದ ಬೀಜ ಹೀಗೆ ನಾದದಲ್ಲಿಯೇ ಇದೆ. ವ್ಯತ್ಯಾಸವಿಷ್ಟೆ: ನಮ್ಮ ತಂಬೂರಿಯ ಮೇಳ ನಿಂತಲ್ಲೇ ನಿಲ್ಲುತ್ತದೆ, ರಾಗ ಅದರ ಮೇಲೆ ಸಂಚರಿಸುತ್ತದೆ. ಯುರೋಪಿನವರು ಆ ನೆಲವನ್ನೇ ನಡೆಯಿಸಿದರು. ಜಪಾನೀಯರು ಅವರಿಂದ ಆ ವಿದ್ಯೆಯನ್ನು ಕಲಿತರು.

ಈ ನಡಿಗೆಗಳಲ್ಲೊಂದಕ್ಕೆ ಜಪಾನಿನ ಹಾಡುಗಾರರು ರಾಜಮಾರ್ಗ ಎಂಬರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಅದರಲ್ಲಿ ನಾಲ್ಕು ಹೆಜ್ಜೆಗಳು. ಮೊದಲನೆಯ ಗುಚ್ಛ ಮ ದ ಸ, ಎರಡನೆಯದು ಪ ನಿ ರಿ, ಮೂರನೆಯದು ಗ ಪ ನಿ, ನಾಲ್ಕನೆಯದು ದ ಸ ಗ. ಇದರ ಮೇಲೆ ಮೋಹನದ ಮಟ್ಟೊಂದನ್ನು ಇಟ್ಟು ನೋಡಿ. ಮೊದಲ ಹೆಜ್ಜೆಯಲ್ಲೇ ರಾಗದಲ್ಲಿಲ್ಲದ ಮಧ್ಯಮ ಕೆಳಗಿನಿಂದ ಕೇಳಿಸುತ್ತದೆ; ಎರಡು, ಮೂರನೆಯ ಹೆಜ್ಜೆಗಳಲ್ಲಿ ನಿಷಾದ. ಹಾಡುವವನ ಬಾಯಿ ಬಿಟ್ಟ ಎರಡು ಸ್ವರಗಳನ್ನು ಮೇಳ ಮೆಲ್ಲನೆ ನೆನಪಿಸುತ್ತದೆ. ನಾಲ್ಕನೆಯ ಹೆಜ್ಜೆಯಲ್ಲಿ ಮಾತ್ರ ಎಲ್ಲವೂ ಮೋಹನದ ಸ್ವರಗಳೇ; ಆದರೆ ಆಗಲೂ ಹಾಡು ಷಡ್ಜವೆಂಬ ಮನೆಗೆ ಬಂದಿಲ್ಲ, ಧೈವತದ ಜಗುಲಿಯಲ್ಲಿ ಕುಳಿತಿದೆ. ಗ್ರಹಭೇದ ಬಲ್ಲವರಿಗೆ ಇದರ ಮರ್ಮ ಬೇಗ ತಿಳಿದೀತು: ಮೋಹನದ ಧೈವತವನ್ನೇ ಷಡ್ಜವೆಂದು ಹಿಡಿದರೆ ಶುದ್ಧ ಧನ್ಯಾಸಿ ಹುಟ್ಟುತ್ತದೆ. ಮೇಲೆ ಮೋಹನ, ಒಳಗೆ ಶುದ್ಧ ಧನ್ಯಾಸಿಯ ನೆರಳು. ನಗುತ್ತಿರುವ ಮುಖದಲ್ಲಿ ಕಾಣುವ ತೇವದ ಕಣ್ಣು ಅದು. ನನ್ನ ಪ್ರಶ್ನೆಗೆ ದೊರೆತ ಉತ್ತರವೂ ಅದೇ.

1963ರಲ್ಲಿ ತೆಜುಕಾ ಒಸಾಮು ಅವರ ಯಂತ್ರಬಾಲಕನ ಕಥೆ 'ಅತೊಮು' ಜಪಾನಿನ ಟೆಲಿವಿಷನ್ನಿನಲ್ಲಿ ಬಂದಂದಿನಿಂದ ಇಂಥ ಕಥಾಮಾಲೆಗಳಿಗೆ ಆರಂಭಗೀತೆಯೆಂಬುದು ಒಂದು ಸಂಪ್ರದಾಯವಾಯಿತು. ಈಗ ಅದಕ್ಕೆ ಸಿಗುವ ಕಾಲ ಸುಮಾರು ಒಂದೂವರೆ ನಿಮಿಷ. ಅಷ್ಟರಲ್ಲಿ ಕೇಳುವವರನ್ನು ಹೊರಡಿಸಬೇಕು, ಆದರೆ ಮುಟ್ಟಿಸಬಾರದು, ಮುಂದೆ ಕಥೆಯಿದೆ. ಮನೆಗೆ ಬಾರದ ರಾಜಮಾರ್ಗ ಈ ಕೆಲಸಕ್ಕೆ ಒಪ್ಪುತ್ತದೆ. 1992ರಲ್ಲಿ ಯುಗೋ ಸಾಕೋ ಅವರು ಭಾರತದ ರಾಮ್ ಮೋಹನ್ ಮೊದಲಾದವರೊಡನೆ ರಾಮಾಯಣವನ್ನು ಅನಿಮೆಯಾಗಿಸಿದಾಗ ಸಂಗೀತ ಕೊಟ್ಟವರು ನಮ್ಮ ವನರಾಜ್ ಭಾಟಿಯಾ. ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ಸ್ವರಮೇಳವನ್ನು ಅಭ್ಯಾಸ ಮಾಡಿದ್ದ ಅವರಿಂದ ಆ ಚಿತ್ರ ಎರಡು ಲೋಕಗಳ ಸಂಧಿಯಾಯಿತು.

ಇನ್ನು ನಮ್ಮ ಕಡೆಗೆ ಬರೋಣ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಇಂಗ್ಲಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಸಾಹಿತ್ಯ ಹೊಂದಿಸಿ ನೋಟುಸ್ವರಗಳನ್ನು ರಚಿಸಿದರು. ಮಟ್ಟನ್ನು ಒಳಗೆ ಕರೆದರು, ಮೇಳವನ್ನು ಹೊಸ್ತಿಲಲ್ಲೇ ಬಿಟ್ಟರು. ಅತ್ತ ಮಂಗಳೂರಿನಲ್ಲಿ 1834ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಜರ್ಮನ್ ಮಟ್ಟುಗಳಿಗೆ ಕನ್ನಡ ಕೀರ್ತನೆಗಳನ್ನು ಕಟ್ಟಿದರು. ನಿಘಂಟುಕಾರ ಕಿಟ್ಟೆಲರೂ ಅಂಥ ಕೀರ್ತನೆಗಳನ್ನು ಬರೆದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಆಟೊ ಶ್ಮಿಟ್ ಎಂಬ ಜರ್ಮನ್ ನಡೆಸುತ್ತಿದ್ದರು. ಜಯಚಾಮರಾಜೇಂದ್ರ ಒಡೆಯರಂತೂ ಆ ಸಂಗೀತದಲ್ಲಿ ಮುಳುಗಿದವರು. ರಷ್ಯದ ಮೆಡ್ಟ್ನರನ ಕೃತಿಗಳು ಧ್ವನಿಮುದ್ರಣಗೊಂಡದ್ದು ಅವರ ಔದಾರ್ಯದಿಂದ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಸಿದ್ದೂ ಅವರ ನೆರವಿನಿಂದಲೇ. ಅದೇ ಮಹಾರಾಜರು ಶ್ರೀವಿದ್ಯೆಯ ಉಪಾಸಕರಾಗಿ 94 ಕೃತಿಗಳನ್ನು ರಚಿಸಿದಾಗ ಅವುಗಳಿಗೆ ಮೇಳದ ಸೋಂಕು ತಾಗಿಸಲಿಲ್ಲ. ತಿಳಿಯದೆ ಬಿಟ್ಟದ್ದಲ್ಲ, ತಿಳಿದವರು ಬಿಟ್ಟದ್ದು.

ಏಕೆ ಬಿಟ್ಟರು? ನನಗೆ ತೋರುವುದು ಇಷ್ಟು: ಮೇಳಕ್ಕೆ ಸ್ವರ ನಿಲ್ಲಬೇಕು, ಗಮಕಕ್ಕೆ ಸ್ವರ ಅಲುಗಬೇಕು. ತೋಡಿಯ ಗಾಂಧಾರವನ್ನು ಒಂದು ಗುಚ್ಛದಲ್ಲಿ ಕಟ್ಟಿಹಾಕಿದರೆ ಗಾಂಧಾರ ಉಳಿದೀತು, ತೋಡಿ ಉಳಿಯದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿದ್ದರ ಹಿಂದೆಯೂ ಇಂಥದೇ ಅಳುಕಿತ್ತು. ಆದರೆ ಮುಚ್ಚಿದ ಬಾಗಿಲಿನ ಪಕ್ಕದಲ್ಲೇ ಕಿಟಕಿಯಿತ್ತು. ಅದರ ಹೆಸರು ಸಿನಿಮಾ. ಜಿ. ಕೆ. ವೆಂಕಟೇಶ್ ಮತ್ತು ಅವರ ಸಹಾಯಕರಾಗಿ ಬೆಳೆದ ಇಳಯರಾಜ, ಮೈಸೂರಿನ ಸೋದರರಾದ ರಾಜನ್-ನಾಗೇಂದ್ರ, ಇವರು ಕನ್ನಡದ ಮಟ್ಟುಗಳ ಕೆಳಗೆ ಗಿಟಾರಿನ ಗುಚ್ಛಗಳನ್ನು ಹಾಸಿದರು. ಅವರ ಹಾಡುಗಳು ಕೆಡಲಿಲ್ಲ. ರಾಗ ಯಾವ ಸ್ವರದಲ್ಲಿ ಅಲುಗುತ್ತದೆ, ಯಾವುದರಲ್ಲಿ ನಿಲ್ಲುತ್ತದೆ ಎಂಬುದನ್ನು ಅವರು ಮೊದಲು ಬಲ್ಲವರಾಗಿದ್ದರು.

ಜಪಾನಿನ ಕಥೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಶಾಲೆಯಿಂದಲೇ ಹೊಸ ಕಿವಿಯನ್ನು ಕಟ್ಟಿದ ಆ ದೇಶ, 2002ರಿಂದ ಮಾಧ್ಯಮಿಕ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದಾದರೂ ದೇಶೀಯ ವಾದ್ಯದ ಪರಿಚಯವಾಗಬೇಕೆಂದು ನಿಯಮ ಮಾಡಬೇಕಾಯಿತು. ತನ್ನ ಮನೆಯ ವಾದ್ಯವನ್ನು ಮಕ್ಕಳಿಗೆ ನಿಯಮದಿಂದ ಪರಿಚಯಿಸುವ ಸ್ಥಿತಿ ಅದು. ನಮ್ಮ ತಾಲ್ಲೂಕುಗಳ ಮಕ್ಕಳಿಗೆ ತಂಬೂರಿಯ ಮುಂದೆ ಕೂರುವ ಭಾಗ್ಯ ಅಪರೂಪ. ನಡೆಯುವ ಮೇಳವಾದರೋ ಫೋನಿನಲ್ಲಿ ನಿತ್ಯವೂ ಕಿವಿಗೆ ಬೀಳುತ್ತದೆ. ನಿಂತ ಶ್ರುತಿಯನ್ನು ಕೇಳದ ಕಿವಿಗೆ, ನಡೆವ ಮೇಳ ಎಲ್ಲಿಂದ ಹೊರಟಿತೆಂಬುದೇ ತಿಳಿಯದು. ಬೇಡವೆನ್ನಬೇಕಾದದ್ದು ಆ ಹಾಡುಗಳನ್ನಲ್ಲ. ಅವುಗಳ ಜೊತೆಗೆ ತಂಬೂರಿಯನ್ನೂ ಕೊಡಬೇಕು.

ಕನ್ನಡಕ್ಕೆ ತನ್ನದೇ ಆದ ರಾಜಮಾರ್ಗವೊಂದಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ಸಂಸ್ಕೃತಗಳ ಬೆರಕೆಯನ್ನು ಕುರಿತು ಹೇಳುವಾಗ, ತಿಳಿಯದೆ ಬೆರೆಸಿದರೆ ಕುದಿವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾದೀತೆಂದು ಎಚ್ಚರಿಸುತ್ತದೆ. ಆ ಗ್ರಂಥ ಬೆರಕೆಯನ್ನೆಲ್ಲ ನಿಷೇಧಿಸಲಿಲ್ಲ, ಹದವನ್ನು ಕೇಳಿತು. 1880ರಲ್ಲಿ ಜಪಾನಿನ ರಾಷ್ಟ್ರಗೀತೆಗೆ ಮೇಳ ಕಟ್ಟಿದ ಫ್ರಾಂಟ್ಸ್ ಎಕರ್ಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ತರರು ಅದರ ಆದಿಯಲ್ಲಿಯೂ ಅಂತ್ಯದಲ್ಲಿಯೂ ಗುಚ್ಛಗಳನ್ನು ಹಾಕದೆ ಮಟ್ಟನ್ನು ಒಂಟಿಯಾಗಿಯೇ ಬಿಟ್ಟರು. ಎಲ್ಲಿ ಸೇರಿಸಬೇಕೆಂಬ ವಿದ್ಯೆಗಿಂತ ಎಲ್ಲಿ ಸೇರಿಸಬಾರದೆಂಬ ವಿವೇಕ ದೊಡ್ಡದು. ಅದನ್ನು ಕಲಿಸಬಲ್ಲದ್ದು ರಾಗವೊಂದೇ.